ಹತ್ತಿ ಕಟಗಿಯೊಳಗಿನ ಸಕ್ಕರೆ

ಯಾದಗಿರಿ, ಶಹಾಪುರ, ಸುರಪುರದ ಹೊಲಗಳಲ್ಲಿ ವರ್ಷಾವರ್ಷ ಬೆಂಕಿಗೆ ಬೀಳುವ ಹತ್ತಿ ಕಟ್ಟಿಗೆಯಲ್ಲಿ ಸಕ್ಕರೆಯಿದೆ, ಇಂಧನವಿದೆ, ಹಲಗೆಯಿದೆ. ಸಕ್ಕರೆ ಹೊರತೆಗೆಯುವ ವಿದ್ಯೆಗೆ ಇನ್ನೂರು ವರ್ಷ ತುಂಬಿದೆ. ಆದರೂ ಕಟ್ಟಿಗೆ ಹೊಲದ ಬದು ದಾಟುತ್ತಿಲ್ಲ. ಯಾಕೆ?

ಫೆಬ್ರುವರಿ ಕೊನೆ. ಶಹಾಪುರ ಬಿಟ್ಟು ಸುರಪುರದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಕಪ್ಪು ಮಣ್ಣು. ಬೆನ್ನ ಹಿಂದೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ. ಹತ್ತಿ ಬಿಡಿಸುವ ಕೆಲಸ ಮುಗಿದಿದೆ. ಕುರಿ ಹಿಂಡು ಹಾದುಹೋಗಿ ಇದ್ದಬದ್ದ ಹಸಿರೆಲೆಯನ್ನೂ ಮೇಯ್ದಿದೆ. ಹೊಲದಲ್ಲಿ ಉಳಿದಿರುವುದು ಎದೆಮಟ್ಟದ ಕಂದು ಕಟ್ಟಿಗೆ, ತುದಿಯಲ್ಲಿ ಒಡೆಯದೆ ಒಣಗಿದ ನಾಲ್ಕಾರು ಕಾಯಿ, ಅಲ್ಲಲ್ಲಿ ಸಿಕ್ಕಿಕೊಂಡ ಕೊಳೆ ಹತ್ತಿ.

ಅಂಥ ಒಂದು ಹೊಲದಲ್ಲಿ ನಾಲ್ವರು ಹೆಣ್ಣುಮಕ್ಕಳು ಸಾಲು ಹಿಡಿದು ಕಟ್ಟಿಗೆ ಕೀಳುತ್ತಿದ್ದರು. ಅಂಗೈಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದರು. ಗಟ್ಟಿ ಬೇರಿನದು ಬಂದರೆ ಇಕ್ಕಳದಂಥ ಕಬ್ಬಿಣದ ಸಾಧನ ಹಾಕಿ ಮೀಟುತ್ತಿದ್ದರು. ಬದುವಿನ ಮೇಲೆ ಕೂತಿದ್ದ ಹೊಲದ ಯಜಮಾನನನ್ನು ಕೇಳಿದೆ.

“ಈ ಕಟಗಿ ಏನ್ ಮಾಡ್ತೀರಿ ಕಾಕಾ?”

“ಒಲಿಗಿ ಬೇಕಾದಷ್ಟು ಮನಿಗಿ ಒಯ್ಯಾದ್ರಿ. ಉಳಿದದ್ದು ಗುಂಪಿ ಹಾಕಿ ಸುಡಾದು. ಮುಂಗಾರಿ ಬರೂದ್ರಾಗ ಹೊಲ ಸ್ವಚ್ಛ ಆಗಬೇಕಲ್ರಿ.”

“ಯಾರಾದ್ರು ಕೊಳ್ಳಲಾಕ ಬಂದ್ರ?”

ಅವರು ನಕ್ಕರು. “ಕೊಡ್ತೀವ್ರಿ, ಯಾಕ ಕೊಡಬಾರ್ದು? ಕಿತ್ತವ್ರ ಕೂಲಿರೆ ಹೊರಬೀಳಬೇಕು ನೋಡ್ರಿ, ಅಷ್ಟೇ.”

ಕಟ್ಟಿಗೆಯಿಂದ ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ಬರುತ್ತದೆ, ಪ್ಲಾಸ್ಟಿಕ್‌ಗೆ ಬದಲಿ ಬರುತ್ತದೆ, ರೈತನ ಆದಾಯ ಇಮ್ಮಡಿಯಾಗುತ್ತದೆ ಎನ್ನುವ ಭಾಷಣಗಳನ್ನು ಕೇಳಿಯೇ ಇದ್ದೇವೆ. ಅವೆಲ್ಲಕ್ಕೂ ಹಾಕಬೇಕಾದ ತಕ್ಕಡಿ ಈ ಒಂದು ಮಾತು: ಕಿತ್ತವರ ಕೂಲಿ ಹೊರಬೀಳುತ್ತದೆಯೇ?

ರೊಟ್ಟಿ ಸಿಹಿ, ಕಟ್ಟಿಗೆ ಯಾಕಲ್ಲ?

ಜೋಳದ ರೊಟ್ಟಿಯ ಒಂದು ತುಣುಕನ್ನು ಪಲ್ಯವಿಲ್ಲದೆ ನಿಧಾನವಾಗಿ ಅಗಿಯುತ್ತ ಹೋಗಿ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಸಣ್ಣ ಸಿಹಿ ಹುಟ್ಟುತ್ತದೆ. ಜೋಳದ ಹಿಟ್ಟಿನ ಪಿಷ್ಟವೆಂದರೆ ಗ್ಲೂಕೋಸ್ ಎಂಬ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರ. ನಮ್ಮ ಎಂಜಲಿನಲ್ಲಿರುವ ಕಿಣ್ವ ಆ ಸರವನ್ನು ಕತ್ತರಿಸುತ್ತದೆ, ನಾಲಿಗೆಗೆ ಸಿಹಿ ಹತ್ತುತ್ತದೆ.

ಹತ್ತಿ ಕಟ್ಟಿಗೆಯಲ್ಲಿರುವುದೂ ಅದೇ ಗ್ಲೂಕೋಸ್. ಅದರ ಸರಕ್ಕೆ ಸೆಲ್ಯುಲೋಸ್ ಎಂದು ಹೆಸರು. ವ್ಯತ್ಯಾಸ ಇರುವುದು ಪೋಣಿಸಿದ ರೀತಿಯಲ್ಲಿ. ಪಿಷ್ಟದಲ್ಲಿ ಮಣಿಗಳೆಲ್ಲ ಒಂದೇ ಮಗ್ಗುಲಾಗಿ ಕೂತಿರುತ್ತವೆ, ಸರ ಸಡಿಲವಾಗಿ ಸುರುಳಿ ಸುತ್ತುತ್ತದೆ. ಸೆಲ್ಯುಲೋಸ್‌ನಲ್ಲಿ ಒಂದು ಬಿಟ್ಟು ಒಂದು ಮಣಿ ಮಗುಚಿ ಕೂತಿರುವುದರಿಂದ ಸರ ನೇರವಾಗಿ ನಿಲ್ಲುತ್ತದೆ. ಅಂಥ ಹತ್ತಾರು ಸರಗಳು ಪಕ್ಕಪಕ್ಕ ಒತ್ತಿಕೊಂಡು ಹಗ್ಗವಾಗುತ್ತವೆ. ಆ ಗಂಟನ್ನು ಬಿಚ್ಚುವ ಕಿಣ್ವ ಮನುಷ್ಯನ ಹೊಟ್ಟೆಯಲ್ಲಿಲ್ಲ. ಎಮ್ಮೆ ಕಣಿಕೆ ತಿಂದು ಹಾಲು ಕೊಡುತ್ತದಲ್ಲ, ಅದರ ದೊಡ್ಡ ಹೊಟ್ಟೆಯಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳು ಈ ಕೆಲಸ ಮಾಡಿಕೊಡುತ್ತವೆ.

ಕಿತ್ತ ಒಂದು ಕಟ್ಟಿಗೆಯನ್ನು ಕುಡಗೋಲಿನಿಂದ ಉದ್ದಕ್ಕೆ ಸೀಳಿದೆವು. ಮೊದಲು ಕಂದು ತೊಗಟೆ, ಉಗುರಿನಿಂದ ಎಳೆದರೆ ನಾರುನಾರಾಗಿ ಬರುತ್ತದೆ. ಒಳಗೆ ಬೆಳ್ಳನೆಯ ಗಟ್ಟಿ ಮರ. ನಟ್ಟನಡುವೆ ಬೆರಳಿಗೆ ಮೆತ್ತಗೆ ಹತ್ತುವ ತಿರುಳು. ಹತ್ತಿ ಒಂದು ಹಂಗಾಮಿನ ಗಿಡವಾದರೂ ಕಟ್ಟಿಗೆಯ ಗುಣ ಗಟ್ಟಿಮರದ್ದು. ಮುಂಬೈನಲ್ಲಿ 1924ರಿಂದ ಹತ್ತಿಯನ್ನೇ ಅಭ್ಯಾಸ ಮಾಡುತ್ತಿರುವ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿರ್ಕಾಟ್, ಇದನ್ನು ಅಳೆದು ತೋರಿಸಿದೆ. ಕಟ್ಟಿಗೆಯ ಮೂರರಲ್ಲಿ ಎರಡು ಪಾಲು ಸೆಲ್ಯುಲೋಸ್ ಮತ್ತು ಅದರ ತಮ್ಮನಂಥ ಹೆಮಿಸೆಲ್ಯುಲೋಸ್. ಎರಡೂ ಸಕ್ಕರೆಯ ಸರಗಳೇ. ಹೆಚ್ಚುಕಡಿಮೆ ಕಾಲುಭಾಗ ಲಿಗ್ನಿನ್. ಗೋಡೆ ಕಟ್ಟುವಾಗ ಕಲ್ಲುಗಳ ನಡುವೆ ಗಾರೆ ಇದ್ದ ಹಾಗೆ ಈ ಲಿಗ್ನಿನ್ ಎಲ್ಲವನ್ನೂ ಅಂಟಿಸಿ ಹಿಡಿದಿರುತ್ತದೆ.

ಕಟ್ಟಿಗೆಯಿಂದ ಸಕ್ಕರೆ ತೆಗೆಯುವ ಕಸರತ್ತೆಲ್ಲ ಇಷ್ಟೇ: ಗಾರೆ ಸಡಿಲಿಸಬೇಕು, ಹಗ್ಗ ಬಿಚ್ಚಬೇಕು, ಸರ ಕತ್ತರಿಸಬೇಕು.

ಹಳೆ ಬಟ್ಟೆ, ಕೊಳೆತ ಡೇರೆ

1819ರಲ್ಲಿ ಫ್ರಾನ್ಸಿನ ನಾನ್ಸಿ ಊರಿನ ಆಂರಿ ಬ್ರಾಕನೊ ಎಂಬ ರಸಾಯನಶಾಸ್ತ್ರಜ್ಞ ಹಳೆಯ ನಾರುಬಟ್ಟೆಯ ಚಿಂದಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ, ನೀರು ಬೆರೆಸಿ ಕುದಿಸಿದ. ಸಿಕ್ಕಿದ್ದು ಸಕ್ಕರೆ. ಅದೂ ಚಿಂದಿಯ ತೂಕಕ್ಕಿಂತ ಹೆಚ್ಚು! ಜನ ಕಣ್ಕಟ್ಟು ಎಂದುಕೊಂಡಿದ್ದರೆ ತಪ್ಪಿಲ್ಲ. ಆದರೆ ಲೆಕ್ಕ ಸರಿಯಾಗಿಯೇ ಇದೆ. ಸರದ ಒಂದೊಂದು ಗಂಟು ಬಿಚ್ಚುವಾಗಲೂ ನೀರಿನ ಒಂದು ಅಣು ಸೇರಿಕೊಳ್ಳುತ್ತದೆ. ಹಾಗಾಗಿ 100 ಕಿಲೋ ಸೆಲ್ಯುಲೋಸ್ ಪೂರ್ತಿ ಒಡೆದರೆ 111 ಕಿಲೋ ಗ್ಲೂಕೋಸ್. ಸೆಲ್ಯುಲೋಸ್ ಎಂಬ ಹೆಸರು ಬಂದದ್ದು ಅನಂತರ. 1838ರಲ್ಲಿ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಆನ್ಸೆಲ್ಮ್ ಪಾಯೆನ್ ಅದನ್ನು ಬೇರ್ಪಡಿಸಿ ಗುರುತಿಸಿದ.

ಎರಡನೇ ಕಥೆ ನಮ್ಮ ಹತ್ತಿಗೆ ಇನ್ನೂ ಹತ್ತಿರದ್ದು. ಎರಡನೇ ಮಹಾಯುದ್ಧದಲ್ಲಿ ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೇನೆಯ ಹತ್ತಿ ಡೇರೆಗಳು ಕೊಳೆತು ಹರಿಯತೊಡಗಿದವು. ಮಾದರಿಗಳನ್ನು ಪ್ರಯೋಗಾಲಯಕ್ಕೆ ತಂದು ನೋಡಿದರೆ ಅಲ್ಲೊಂದು ಹಸಿರು ಬೂಸಲು. ಅದು ಹತ್ತಿಯ ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವವನ್ನು ಧಾರಾಳವಾಗಿ ಉಗುಳುತ್ತಿತ್ತು. ಡೇರೆ ಉಳಿಸಲು ಶುರುವಾದ ಸಂಶೋಧನೆ ಕ್ರಮೇಣ ತಿರುವು ಪಡೆಯಿತು: ಈ ಕಳ್ಳನನ್ನೇ ಕೆಲಸಕ್ಕೆ ಇಟ್ಟುಕೊಂಡರೆ ಹೇಗೆ? ಆ ಕೆಲಸಕ್ಕೆ ಆಯುಷ್ಯ ಸವೆಸಿದ ಎಲ್ವಿನ್ ರೀಸ್ ಅವರ ಹೆಸರನ್ನೇ 1977ರಲ್ಲಿ ಶಿಲೀಂಧ್ರಕ್ಕೆ ಇಟ್ಟರು, ಟ್ರೈಕೋಡರ್ಮಾ ರೀಸಿಯೈ. ಇವತ್ತು ಜಗತ್ತಿನ ಕಾರ್ಖಾನೆಗಳಲ್ಲಿ ಹುಲ್ಲು, ಕಟ್ಟಿಗೆ ಒಡೆಯಲು ಬಳಸುವ ಕಿಣ್ವಗಳಲ್ಲಿ ಬಹುಪಾಲು ಆ ಒಂದು ಡೇರೆಯ ಬೂಸಲಿನ ಸಂತತಿಯವು.

ಟ್ರೈಕೋಡರ್ಮಾ ಎಂದರೆ ಯಾದಗಿರಿಯ ತೊಗರಿ ಬೆಳೆಗಾರರಿಗೆ ಹೊಸ ಹೆಸರಲ್ಲ. ನೆಟೆ ರೋಗ ಬಾರದಿರಲೆಂದು ಬೀಜೋಪಚಾರಕ್ಕೆ ಬಳಸುವ ಪುಡಿಯಲ್ಲಿರುವುದು ಇದೇ ಕುಲದ ದಾಯಾದಿ.

ಪಾಣಿಪತ್, ನುಮಾಲಿಗಢ, ಹರಿಹರ

ಈ ವಿದ್ಯೆಗೆ ದೇಶದಲ್ಲಿ ಈಗ ಅವಸರ ಬಂದಿರುವುದಕ್ಕೆ ಕಾರಣವಿದೆ. ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಮಟ್ಟಕ್ಕೆ ನಾವು ಬಂದಿದ್ದೇವೆ. ಆ ಎಥೆನಾಲ್ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಬರುತ್ತಿದೆ. ಕಬ್ಬಿಗೆ ನೀರು ಬೇಕು. ಮೆಕ್ಕೆಜೋಳವನ್ನು ಕೋಳಿಯೂ ಕೇಳುತ್ತದೆ, ಅಕ್ಕಿಯನ್ನು ನಾವೇ ಕೇಳುತ್ತೇವೆ. ತಿನ್ನಲಾಗದ ಭಾಗದಿಂದಲೇ ಎಥೆನಾಲ್ ತೆಗೆದರೆ ಈ ಜಗಳ ತಪ್ಪುತ್ತದೆ. ಅದಕ್ಕೆ ‘ಎರಡನೇ ತಲೆಮಾರಿನ ಎಥೆನಾಲ್’ ಎಂದು ಹೆಸರು.

ಇಂಡಿಯನ್ ಆಯಿಲ್ ಕಂಪನಿ ಹರಿಯಾಣದ ಪಾಣಿಪತ್‌ನಲ್ಲಿ ಕಟ್ಟಿದ ಇಂಥ ಕಾರ್ಖಾನೆ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. 900 ಕೋಟಿ ರೂಪಾಯಿಗೂ ಹೆಚ್ಚು ಖರ್ಚು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ತೆಗೆಯುವುದು ಗುರಿ. ಭಾಗಿಸಿ ನೋಡಿದರೆ ಟನ್ ಹುಲ್ಲಿಗೆ 150 ಲೀಟರ್. ಅಸ್ಸಾಮಿನ ನುಮಾಲಿಗಢದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಘಟಕ ಬಿದಿರಿನಿಂದ ಎಥೆನಾಲ್ ತೆಗೆಯುವಂಥದ್ದು. ಅದರ ಜಾಣತನ ಜೊತೆಗೆ ಬರುವ ಫರ್ಫ್ಯೂರಲ್ ಮತ್ತು ಅಸೆಟಿಕ್ ಆಮ್ಲದಲ್ಲಿದೆ. ಫರ್ಫ್ಯೂರಲ್ ಹುಟ್ಟುವುದು ಹೆಮಿಸೆಲ್ಯುಲೋಸ್‌ನ ಸಕ್ಕರೆಯಿಂದ. ಎರಕದ ಅಚ್ಚಿಗೆ ಹಾಕುವ ರಾಳ, ಎಣ್ಣೆ ಶುದ್ಧೀಕರಣ ಎಂದು ಹತ್ತಾರು ಕಡೆ ಬೇಡಿಕೆ. 1922ರಲ್ಲೇ ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ ತನ್ನಲ್ಲಿ ರಾಶಿ ಬಿದ್ದಿದ್ದ ಓಟ್ಸ್ ಹೊಟ್ಟಿನಿಂದ ಇದನ್ನು ತಯಾರಿಸಿ ಮಾರಲು ಶುರುಮಾಡಿತ್ತು.

ಕರ್ನಾಟಕದ ಪಾಲಿಗೆ ಬಂದ ಯೋಜನೆ ಹರಿಹರದ್ದು. ಇಂಥ ಘಟಕಗಳಿಗೆ ನೆರವಾಗಲು 2019ರಲ್ಲಿ ಮಂಜೂರಾದ ಕೇಂದ್ರದ ಜೀವನ್ ಯೋಜನೆಯಡಿ, ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ದಾವಣಗೆರೆ ಜಿಲ್ಲೆಯ ಹರಿಹರದ ಬಳಿ ದಿನಕ್ಕೆ 60 ಸಾವಿರ ಲೀಟರ್ ಸಾಮರ್ಥ್ಯದ ಘಟಕಕ್ಕೆ ಯೋಜನೆ ಹಾಕಿತು. ಮೆಕ್ಕೆಜೋಳದ ದಂಟು, ಭತ್ತದ ಹುಲ್ಲು, ಹತ್ತಿ ಕಟ್ಟಿಗೆ ಅದರ ಕಚ್ಚಾವಸ್ತು. ಯಾದಗಿರಿಯಿಂದ ಅಲ್ಲಿಗೆ ನೂರಾರು ಕಿಲೊಮೀಟರ್. ಲಾರಿಯ ಡೀಸೆಲ್ ದುಡ್ಡಿಗೇ ಕಟ್ಟಿಗೆಯ ಬೆಲೆ ಮುಗಿದುಹೋಗುತ್ತದೆ.

ಟ್ರ್ಯಾಲಿಯ ಲೆಕ್ಕ

ಹಾಗಾದರೆ ಪಾಣಿಪತ್ತಿನಂಥದ್ದು ಯಾದಗಿರಿಯಲ್ಲೇ ಆಗಲಿ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಹೆಕ್ಟೇರ್ ಹತ್ತಿಗೆ ಒಣ ಕಟ್ಟಿಗೆ ಎರಡರಿಂದ ಮೂರು ಟನ್, ಅಂದರೆ ಎಕರೆಗೆ ಸುಮಾರು ಒಂದು ಟನ್. 2 ಲಕ್ಷ ಟನ್ ಬೇಕೆಂದರೆ 2 ಲಕ್ಷ ಎಕರೆಯ ಕಟ್ಟಿಗೆ. ಕಟ್ಟಿಗೆ ಹಗುರ, ಕೊಂಬೆಗಳು ಒಂದಕ್ಕೊಂದು ತೊಡಕಿಕೊಂಡು ಜಾಗ ನುಂಗುತ್ತವೆ. ಹೊರಲಾರದಷ್ಟು ಹೇರಿದರೂ ಟ್ರ್ಯಾಲಿಗೆ ಒಂದು ಟನ್ ಹಿಡಿಯಿತು ಎಂದೇ ಇಟ್ಟುಕೊಳ್ಳೋಣ. ಹತ್ತಿ ಮುಗಿದು ಮುಂಗಾರಿಗೆ ಮುಂಚೆ ಸಿಗುವ 90 ದಿನಗಳಲ್ಲಿ ಇಷ್ಟನ್ನು ಸಾಗಿಸಲು ದಿನಕ್ಕೆ 2,200 ಟ್ರ್ಯಾಲಿ ಓಡಬೇಕು. ಕಾರ್ಖಾನೆ ನಡೆಯುವುದು ವರ್ಷಪೂರ್ತಿ, ಆದ್ದರಿಂದ ಉಳಿದ ಒಂಬತ್ತು ತಿಂಗಳಿನ ಕಟ್ಟಿಗೆಯನ್ನು ಮಳೆಗೆ ನೆನೆಯದಂತೆ, ಬೆಂಕಿ ತಾಗದಂತೆ ಬಣವೆ ಒಟ್ಟಿ ಕಾಯಬೇಕು.

ಹೊರದೇಶಗಳಲ್ಲಿ ದೊಡ್ಡ ದೊಡ್ಡವರೇ ಈ ಕೆಲಸದಲ್ಲಿ ಮುಗ್ಗರಿಸಿದ್ದಾರೆ. ಇಟಲಿಯ ಕ್ರೆಸೆಂಟಿನೊದಲ್ಲಿ 2013ರಲ್ಲಿ ಆರಂಭವಾದ ಘಟಕ 2017ರಲ್ಲಿ ನಿಂತಿತು. ಅದೇ ವರ್ಷ ಅಮೆರಿಕದ ಅಯೊವಾದಲ್ಲಿ ಡುಪಾಂಟ್ ತನ್ನ ಘಟಕ ಮಾರಾಟಕ್ಕಿಟ್ಟಿತು. ರುಮೇನಿಯಾದ ಪೊಡಾರಿಯಲ್ಲಿ ಕ್ಲಾರಿಯಂಟ್ ಕಂಪನಿ ಗೋಧಿ ಹುಲ್ಲಿನಿಂದ 2022ರಲ್ಲಿ ಶುರುಮಾಡಿದ್ದನ್ನು 2023ರ ಕೊನೆಗೆ ಮುಚ್ಚಲು ತೀರ್ಮಾನಿಸಿತು. ಪ್ರಯೋಗಾಲಯದಲ್ಲಿ ಕಟ್ಟಿಗೆಯ ಪುಡಿ ಶುಭ್ರವಾಗಿರುತ್ತದೆ. ಹೊಲದಿಂದ ಬಂದದ್ದರ ಜೊತೆ ಮಣ್ಣು, ಕಲ್ಲು, ತೇವ ಎಲ್ಲವೂ ಬರುತ್ತವೆ. ಮಣ್ಣು ಯಂತ್ರದ ಹಲ್ಲು ಸವೆಸುತ್ತದೆ, ತೇವ ಬಣವೆಯನ್ನು ಕೊಳೆಸುತ್ತದೆ. ಜೊತೆಗೆ ಕಿಣ್ವದ ಬೆಲೆ ಬೇರೆ.

ಕುಮಾರಪಟ್ಟಣ ಕಲಿಸಿದ ಪಾಠ

ಸಸ್ಯದ ಸೆಲ್ಯುಲೋಸಿನಿಂದ ಬೆಲೆಬಾಳುವ ವಸ್ತು ತೆಗೆಯುವ ಉದ್ಯಮ ಕರ್ನಾಟಕಕ್ಕೆ ಹೊಸದಲ್ಲ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ 1972ರಿಂದ ನೀಲಗಿರಿ ಮರದ ತಿರುಳು ತೆಗೆಯುತ್ತಿದೆ. ಆ ತಿರುಳೇ ರೇಯಾನ್ ನೂಲಾಗುತ್ತದೆ. ಹೊಲದಲ್ಲಿ ಬೆಳೆಯದ ಹತ್ತಿ ಎನ್ನಬಹುದು.

ಆದರೆ ಆ ಕಾರ್ಖಾನೆಯ ಕೊಳಚೆ ತುಂಗಭದ್ರೆಗೆ ಸೇರಿ ಮೀನು ಸತ್ತ ದೂರುಗಳು ಎದ್ದವು. ಅದಕ್ಕೆ ಬೇಕಾದ ನೀಲಗಿರಿ ಬೆಳೆಸಲು 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಸುಮಾರು 30 ಸಾವಿರ ಹೆಕ್ಟೇರ್ ಭೂಮಿ ಕೊಡಲು ಸರ್ಕಾರ ಹೊರಟಿತು. ಅದರಲ್ಲಿ ಊರಿನ ದನ ಮೇಯುವ, ಉರುವಲು ಆರಿಸುವ ಗುಡ್ಡಗಳಿದ್ದವು. ಶಿವರಾಮ ಕಾರಂತರೂ ಸೇರಿ ಹಲವರು ಸುಪ್ರೀಂ ಕೋರ್ಟಿಗೆ ಹೋದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜನರನ್ನು ಸಂಘಟಿಸಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದು ಹೆಸರಾದ ಸತ್ಯಾಗ್ರಹ ಅದು. 1991ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಬೇಕಾಯಿತು.

ಅಂದು ಜನ ವಿರೋಧಿಸಿದ್ದು ತಿರುಳಿನ ವಿದ್ಯೆಯನ್ನಲ್ಲ, ಕಚ್ಚಾವಸ್ತುವಿಗಾಗಿ ಊರಿನ ನೆಲ ಹೋಗುವುದನ್ನು. ಯಾದಗಿರಿಗೆ ಇದು ಎರಡು ರೀತಿಯಲ್ಲಿ ಸಂಬಂಧಿಸಿದ್ದು. ಹತ್ತಿ ಕಟ್ಟಿಗೆಗೆ ಹೊಸ ನೆಲ ಬೇಡ, ರೈತನ ಸ್ವಂತ ಹೊಲದ್ದೇ ಸಾಕು, ಅದು ಅನುಕೂಲ. ಆದರೆ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ಊರವರಿಗೆ ರಾಸಾಯನಿಕ ಘಟಕದ ನೆರೆಹೊರೆ ಎಂದರೆ ಏನೆಂದು ಈಗಾಗಲೇ ಗೊತ್ತು. ಆಮ್ಲ, ಕ್ಷಾರ, ಕೊಳಚೆ ನೀರಿನ ಕಾರ್ಖಾನೆ ಭೀಮಾ, ಕೃಷ್ಣಾ ದಂಡೆಗೆ ಬರುವುದಾದರೆ ಮೊದಲ ಪ್ರಶ್ನೆ ನೀರಿನದ್ದೇ ಆಗಬೇಕು.

ಕೆಳಗಿನ ಮೆಟ್ಟಿಲು ಮೊದಲು

ಸಕ್ಕರೆ ಎಥೆನಾಲ್‌ಗಳು ಏಣಿಯ ಮೇಲಿನ ಮೆಟ್ಟಿಲು. ಕೆಳಗೆ ಇನ್ನೂ ನಾಲ್ಕು ಮೆಟ್ಟಿಲುಗಳಿವೆ.

ಮೊದಲನೆಯದು ಕಟ್ಟಿಗೆಯನ್ನು ಹೊಲದಲ್ಲೇ ಚೂರು ಮಾಡುವುದು. ಚೂರಾದರೆ ಟ್ರ್ಯಾಲಿ ತುಂಬುತ್ತದೆ, ಸಾಗಾಟದ ಖರ್ಚು ಇಳಿಯುತ್ತದೆ. ಇದಕ್ಕೆ ಇನ್ನೊಂದು ತುರ್ತೂ ಇದೆ: ಗುಲಾಬಿ ಕಾಯಿಕೊರಕ. ಕಟ್ಟಿಗೆಯ ತುದಿಯಲ್ಲಿ ಒಡೆಯದೆ ಉಳಿದ ಕಾಯಿಗಳಲ್ಲಿ ಈ ಹುಳು ಮುಂದಿನ ಹಂಗಾಮಿನವರೆಗೆ ಅಡಗಿರುತ್ತದೆ. ಉರುವಲಿಗೆಂದು ಬದುವಿನಲ್ಲಿ, ಮನೆಯ ಹಿತ್ತಲಲ್ಲಿ ಒಟ್ಟಿದ ಕಟ್ಟಿಗೆ ಮುಂದಿನ ವರ್ಷದ ಹುಳುವಿಗೆ ಛತ್ರ. ಜನವರಿ ಹೊತ್ತಿಗೆ ಹತ್ತಿ ಮುಗಿಸಿ ಕಟ್ಟಿಗೆ ತೆಗೆಯಿರಿ, ಕೂಳೆ ಬಿಡಬೇಡಿ ಎಂದು ಕೃಷಿ ತಜ್ಞರು ಹೇಳುತ್ತಲೇ ಬಂದಿದ್ದಾರೆ. ಕಟ್ಟಿಗೆಗೆ ಬೆಲೆ ಬಂದರೆ ಹೇಳಿಸಿಕೊಳ್ಳದೆಯೇ ತೆಗೆಯುತ್ತಾರೆ.

ಎರಡನೆಯದು ಉರುವಲು ಉಂಡೆ. ಪುಡಿಯನ್ನು ಒತ್ತಿದರೆ ಅದರಲ್ಲಿರುವ ಲಿಗ್ನಿನ್ನೇ ಬಿಸಿಗೆ ಮೆತ್ತಗಾಗಿ ಅಂಟಾಗುತ್ತದೆ, ಬೇರೆ ಗೋಂದು ಬೇಡ. ಕಲ್ಲಿದ್ದಲಿನ ಜೊತೆ ಶೇ 5ರಷ್ಟು ಇಂಥ ಉಂಡೆ ಉರಿಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ನೀತಿ ಮಾಡಿತು. ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್, ಯರಮರಸ್‌ನಲ್ಲಿ 1,600 ಮೆಗಾವಾಟ್ ಶಾಖೋತ್ಪನ್ನ ಕೇಂದ್ರಗಳಿವೆ. ಗಿರಾಕಿ ಹುಡುಕಿಕೊಂಡು ಪಾಣಿಪತ್ತಿಗೆ ಹೋಗಬೇಕಿಲ್ಲ.

ಮೂರನೆಯದು ಹಲಗೆ. ಹತ್ತಿ ಕಟ್ಟಿಗೆಯ ಚೂರಿನಿಂದ ಪಾರ್ಟಿಕಲ್ ಬೋರ್ಡ್ ಮಾಡುವ ವಿಧಾನವನ್ನು ಸಿರ್ಕಾಟ್ ಸಿದ್ಧಪಡಿಸಿ, ನಾಗಪುರದ ತನ್ನ ಕೇಂದ್ರದಲ್ಲಿ ಮಾಡಿಯೂ ತೋರಿಸಿದೆ. ಮೇಜು, ಕಪಾಟಿಗೆ ಕಾಡಿನ ಮರದ ಬದಲು ಹೊಲದ ಕಟ್ಟಿಗೆ.

ನಾಲ್ಕನೆಯದು ಅಣಬೆ. ಕಟ್ಟಿಗೆಯಿಂದ ಸಕ್ಕರೆ ತೆಗೆಯುವ ಅತಿ ಅಗ್ಗದ ಕಾರ್ಖಾನೆ ಇದೇ ಎಂದರೂ ಸರಿ. ಚಿಪ್ಪು ಅಣಬೆ ತನ್ನ ಕಿಣ್ವವನ್ನು ತಾನೇ ಸುರಿಸಿ, ಸೆಲ್ಯುಲೋಸನ್ನೂ ಲಿಗ್ನಿನ್ನನ್ನೂ ಒಡೆದು ತಿಂದು, ನಮಗೆ ಪ್ರೋಟೀನ್ ಕೊಡುತ್ತದೆ. ಕಟ್ಟಿಗೆಯಂತೆಯೇ ಸೆಲ್ಯುಲೋಸಿನದಾದ ಹುಲ್ಲಿನ ಮೇಲೂ ಅದು ಬೆಳೆಯುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಬೆಳೆಯುವ ಭತ್ತದ ಹುಲ್ಲನ್ನು ಕುದಿನೀರಿನಲ್ಲಿ ಹದಮಾಡಿ, ಚೀಲಕ್ಕೆ ತುಂಬಿ, ಬೀಜ ಬಿತ್ತಿ ನೆರಳಲ್ಲಿ ತೂಗುಹಾಕಿದರೆ, ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋಗೆ ಕಡಿಮೆಯಿಲ್ಲದಂತೆ ಹಸಿ ಅಣಬೆ ಬರುತ್ತದೆ. ನಮ್ಮ ಬೇಸಿಗೆಯ ಬಿಸಿಲನ್ನು ಅದು ತಾಳದು. ದಸರೆಯಿಂದ ಶಿವರಾತ್ರಿವರೆಗೆ ಅದರ ಕಾಲ. ಮಹಿಳಾ ಸಂಘಗಳು ಒಂದು ಕೋಣೆಯಲ್ಲಿ ಶುರುಮಾಡಬಹುದಾದ ಕೆಲಸ.

ಈ ಮೆಟ್ಟಿಲುಗಳು ಗಟ್ಟಿಯಾದ ಮೇಲೆ ಮೇಲಿನದು ತಾನಾಗಿ ಹತ್ತಿರವಾಗುತ್ತದೆ. ಚೂರಾಗಿ, ಒಣಗಿ, ತೂಕವಾಗಿ ಒಂದು ಕಡೆ ಸೇರಿದ ಕಟ್ಟಿಗೆ ಇದ್ದರೆ ಸಕ್ಕರೆ ತೆಗೆಯುವವರು ಊರು ಹುಡುಕಿಕೊಂಡು ಬರುತ್ತಾರೆ.

ಎಲ್ಲವನ್ನೂ ಒಯ್ಯಬೇಡಿ

ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ. ಹೊಲ ಕೊಟ್ಟದ್ದನ್ನೆಲ್ಲ ಲಾರಿಗೆ ಹೇರಿದರೆ ಮಣ್ಣು ಬಡವಾಗುತ್ತದೆ. ತೊಗರಿ ತನ್ನ ಎಲೆಯನ್ನು ನೆಲಕ್ಕೇ ಉದುರಿಸಿ ಋಣ ತೀರಿಸುತ್ತದೆ. ಅದರ ಹೊಟ್ಟು ದನಕ್ಕೆ, ಕಟ್ಟಿಗೆ ಬುಟ್ಟಿಗೆ, ತಟ್ಟಿಗೆ, ಕಣ ಗುಡಿಸುವ ಬರಲಿಗೆ. ಜೋಳದ ಕಣಿಕೆ ಎತ್ತಿನ ಬಾಯಿಗೆ ಸೇರಬೇಕಾದದ್ದು. ಅದಕ್ಕೆ ಕಾರ್ಖಾನೆ ಕೈಹಾಕಬಾರದು. ಒಲೆಗೆ ಹತ್ತಿ ಕಟ್ಟಿಗೆಯನ್ನೇ ನಂಬಿದ ಮನೆಗಳೂ ಇವೆ. ಇವೆಲ್ಲ ಕಳೆದು ಉಳಿದದ್ದು, ಬೆಂಕಿಗೆ ಹೋಗುವುದು ಎಷ್ಟೋ, ಅದಷ್ಟೇ ನಮ್ಮ ಲೆಕ್ಕ. ಕೃಷಿ ಇಲಾಖೆ ಮೊದಲು ಅಳೆಯಬೇಕಾದದ್ದು ಇದನ್ನು.

ಅಳೆಯಲು ಜನ ಇಲ್ಲದೇ ಇಲ್ಲ. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಎರಡಕ್ಕೂ ತಲೆಯಾಗಿ ರಾಯಚೂರು ಕೃಷಿ ವಿಶ್ವವಿದ್ಯಾಲಯವಿದೆ. ಹೋಬಳಿಗೆ ಒಂದು ಚೂರು ಮಾಡುವ ಯಂತ್ರ, ಒಂದು ತೂಕದ ಕಾಟಾ, ಒಂದು ತಗಡಿನ ಚಾವಣಿ. ಇಷ್ಟನ್ನು ರೈತ ಉತ್ಪಾದಕ ಸಂಘಗಳ ಕೈಗೆ ಕೊಟ್ಟು ಎರಡು ಹಂಗಾಮು ನಡೆಸಿದರೆ ಸತ್ಯ ಹೊರಗೆ ಬೀಳುತ್ತದೆ. ಹತ್ತಿ ಮುಗಿದ ಮೇಲೆ ಬೆಂಗಳೂರು, ಮುಂಬೈಗೆ ಗುಳೆ ಹೋಗುವ ಮನೆಗಳಿಗೆ ಊರಲ್ಲೇ ಎರಡು ತಿಂಗಳ ಕೂಲಿ ಸಿಕ್ಕರೂ ಅದು ಸಣ್ಣದಲ್ಲ.

ಎಕರೆಗೆ ಒಂದು ಟನ್. ಕಿಲೋಗೆ ಎರಡು ರೂಪಾಯಿ ಹೊಲದ ಬದುವಿನಲ್ಲೇ ಸಿಕ್ಕರೆ ಎಕರೆಗೆ ಎರಡು ಸಾವಿರ. ಒಂದೇ ರೂಪಾಯಿಯಾದರೆ ಒಂದು ಸಾವಿರ. ಕಿತ್ತವರ ಕೂಲಿ ಇದರಲ್ಲಿ ಹೊರಬಿದ್ದು ಮೇಲೆ ನಾಲ್ಕು ಕಾಸು ಉಳಿದರೆ ಕಟ್ಟಿಗೆ ಬೆಂಕಿಗೆ ಹೋಗುವುದಿಲ್ಲ. ಉಳಿಯದಿದ್ದರೆ ಯಾವ ಕಿಣ್ವವೂ ಅದನ್ನು ಉಳಿಸಲಾರದು. ಮುಂದಿನ ಸಲ ಯಾರಾದರೂ ಯಾದಗಿರಿಗೆ ಎಥೆನಾಲ್ ಕಾರ್ಖಾನೆ ತರುತ್ತೇನೆಂದು ವೇದಿಕೆ ಹತ್ತಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಬದುವಿನ ಮೇಲೆ ಕಿಲೋಗೆ ಎಷ್ಟು ಕೊಡ್ತೀರಿ?